ಸಹರಿಯ ಅಡಿಗೆ ಯಾರದು

೨೦೨೪ರ ಮಾರ್ಚ್ ೧೨, ಮಂಗಳವಾರ: ಆ ವರ್ಷದ ರಂಜಾನ್ ಉಪವಾಸದ, ಅಂದರೆ ರೋಜಾದ, ಮೊದಲ ದಿನ. ಆಧಾರ, ಕೊಳ್ಳೇಗಾಲದ ನಮ್ಮ ಬೀದಿಯ ಮಸೀದಿಯವರು ಅಚ್ಚು ಹಾಕಿಸಿದ ರಂಜಾನ್ ವೇಳಾಪಟ್ಟಿ. ಪಕ್ಕದ ಮನೆಯ ಗೋಡೆಯಿಂದ ಅದನ್ನು ಕೇಳಿ ತಂದು ಮೇಜಿನ ಮೇಲಿಟ್ಟುಕೊಂಡಿದ್ದೇನೆ. ರೇಷ್ಮೆ ಸಂಶೋಧನೆಯಿಂದ ನಿವೃತ್ತನಾದರೂ, ತಾರೀಖನ್ನು ಎರಡು ಕಡೆ ನೋಡದೆ ಬರೆಯುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಪಕ್ಕದ ಮನೆಯವರದು ರೇಷ್ಮೆ ನೂಲು ಬಿಚ್ಚುವ ಕಸುಬು. ಆ ಮನೆಯ ಸೊಸೆ ಮನಸ್ಸಿನ ಕಾಯಿಲೆಗೆ ಗುಳಿಗೆ ತೆಗೆದುಕೊಳ್ಳುತ್ತಿದ್ದಳು. ಅದರ ಹಿಂದಿನ ವರ್ಷದ ರಂಜಾನಿನಲ್ಲಿ ಯಾರಿಗೂ ಹೇಳದೆ ಹಗಲಿನ ಗುಳಿಗೆ ಬಿಟ್ಟು ಉಪವಾಸ ಹಿಡಿದಿದ್ದಳು. ಹಬ್ಬದ ಹೊತ್ತಿಗೆ ನಿದ್ದೆ ಪೂರ್ತಿ ಹೋಗಿ, ಶೀರ್ ಖುರ್ಮಾ ಪಾಯಸದ ಪಾತ್ರೆಯ ಮುಂದೆ ಕುಳಿತು ಅಳುತ್ತಿದ್ದಳು. ಹಾಗಾಗಿ ಈ ಸಲ ರೋಜಾವೇ ಬೇಡವೆಂದು ಗಂಡ ಹೇಳಿಬಿಟ್ಟಿದ್ದ. ಅವಳಿಗೆ ಮನೆಯವರೊಂದಿಗೆ ರೋಜಾ ಇರಬೇಕು, ಕಾಯಿಲೆಯೂ ಮರುಕಳಿಸಬಾರದು.

ರಂಜಾನಿಗೆ ಕೆಲವು ದಿನ ಮೊದಲು ಅತ್ತೆ ಸೊಸೆ ಹನೂರಿಗೆ ಹೊರಟರು. ಯಳಂದೂರಿನ ಕಡೆಯಿಂದ ತಿಂಗಳಿಗೊಮ್ಮೆ ಅಲ್ಲಿಗೆ ಬರುವ ಮನೋವೈದ್ಯೆಯನ್ನು ಕಾಣಬೇಕಿತ್ತು. ಕಾಯಿಲೆ ಯಾವಾಗ ಶುರುವಾಯಿತೆಂದು ಕೇಳಿದರೆ ಹೇಳಲು ಜೊತೆಗೆ ನಾನಿರಲಿ ಎಂದು ಅತ್ತೆ ಕರೆದರು.

"ನೀವು ಬನ್ನಿ ಸಾ. ನಮಗೆ ನೆನ್ನೇದೇ ನೆಪ್ಪಿರಾಕಿಲ್ಲ. ನೀವಾದ್ರೆ ನಮ್ಮನೆ ಕೋಳಿ ಮೊಟ್ಟೆ ಇಟ್ಟ ತಾರೀಖೂ ಏಳ್ತೀರಿ."

ಬಸ್ಸು ಕಾಮಗೆರೆ ದಾಟುವವರೆಗೂ ಆಕೆ ಈ ಮಾತಿಗೆ ತಾನೇ ನಗುತ್ತಿದ್ದರು.

ವೈದ್ಯೆ ನನ್ನ ತಾರೀಖುಗಳನ್ನು ಕೇಳಿಸಿಕೊಂಡರು. ಆದರೆ ಹೆಚ್ಚು ಹೊತ್ತು ಕೇಳಿದ್ದು ಸೊಸೆಯ ಮಾತನ್ನು.

"ಕಾಯಿಲೆಯವರಿಗೆ ಮಾಫಿ ಐತೆ ಅಂತಾರೆ, ಡಾಕ್ಟರಮ್ಮ. ಎಲ್ರೂ ರೋಜಾ ಇರೋವಾಗ ನಾನೊಬ್ಳೇ ಮೂಲೇಲಿ ಕೂತ್ಕಂಡು ತಿನ್ಬೇಕಾ? ಉಚ್ಚಿ ಅಂತ ನಾನೇ ಬೋರ್ಡ್ ಆಕ್ಕಂಡಂಗೆ ಆಯ್ತದೆ."

ವೈದ್ಯೆ ಅದನ್ನು ಹಟವೆಂದು ತಳ್ಳಿಹಾಕಲಿಲ್ಲ. ಅವಳ ಒಪ್ಪಿಗೆ ಪಡೆದು ಮಸೀದಿಯ ಧರ್ಮಗುರು ಹಜರತರಿಗೆ ಫೋನ್ ಮಾಡಿದರು. "ಡಾಕ್ಟರು ಬೇಡ ಅಂದ ದಿನ ಬಿಟ್ಬುಡಮ್ಮ, ಪಾಪ ಏನಿಲ್ಲ. ಬಿಟ್ಟ ರೋಜಾನ ಚಳಿಗಾಲದಾಗೆ ಇಟ್ಟು ತೀರ್ಸು, ಆಗ ಹಗಲೂ ಚಿಕ್ಕದು," ಎಂದು ಅವರು ಸೊಸೆಗೇ ಹೇಳಿದರು. ವೈದ್ಯೆ ಗುಳಿಗೆಯನ್ನು ರಾತ್ರಿ ತೆಗೆದುಕೊಳ್ಳುವಂತೆ ಬದಲಿಸಿ, ಸಂಜೆ ಉಪವಾಸ ಮುರಿಯುವ ಇಫ್ತಾರಿನ ಊಟದ ನಂತರಕ್ಕೆ ಗೊತ್ತುಮಾಡಿದರು. ಒಂದು ರಾತ್ರಿ ನಿದ್ದೆ ಕೆಟ್ಟರೂ ಮಾರನೆಯ ದಿನ ರೋಜಾ ಬಿಟ್ಟು ತಮಗೆ ತಿಳಿಸಬೇಕೆಂದರು. ಇಷ್ಟಕ್ಕೆ ಮುಗಿಯಿತೆಂದು ನಾವು ಏಳುವಷ್ಟರಲ್ಲಿ ಇನ್ನೊಂದು ಪ್ರಶ್ನೆ ಬಂತು.

"ಸಹರಿಗೆ ಅಡಿಗೆ ಯಾರು ಮಾಡೋದು?"

ಸಹರಿ ಎಂದರೆ ಬೆಳಕು ಹರಿಯುವ ಮೊದಲು ಉಣ್ಣುವ ಊಟ. ಅದನ್ನು ಸೊಸೆಯೇ ಮಾಡುವುದು ಆ ಮನೆಯ ರೂಢಿ. ಎಲ್ಲರಿಗಿಂತ ಮೊದಲು ಎದ್ದು, ಎಲ್ಲರೂ ಮಲಗಿದ ಮೇಲೆ ಪಾತ್ರೆ ತೊಳೆದು ಮುಗಿಸುವವಳು ಅವಳೇ. ಗುಳಿಗೆಯ ಬಗ್ಗೆ ವರ್ಷವಿಡೀ ಮಾತಾಡಿದ್ದ ನಮಗೆ ಯಾರಿಗೂ ಈ ನಿದ್ದೆಗೇಡು ಹೊಳೆದಿರಲಿಲ್ಲ.

ಅತ್ತೆ ಸೆರಗು ಸರಿಪಡಿಸಿಕೊಂಡರು. "ನಾನೇ ಮಾಡ್ತೀನಿ ಬುಡಿ. ಮಾಡ್ದೋಳೇ ಅಲ್ವಾ ನಾನೂವೆ? ಊಟದ ಒತ್ಗೆ ಎಬ್ಬುಸ್ತೀನಿ, ತಿಂದು ನಮಾಜ್ ಮಾಡಿ ಮತ್ತೆ ಮಲೀಕಳ್ಳಿ."

"ಅಮ್ಮಿ, ನಿಮ್ಮ ರೊಟ್ಟಿ ತಿಂದ್ರೆ ಇಫ್ತಾರ್‌ಗಂಟ ಅಗೀಬೇಕಾಯ್ತದೆ," ಎಂದಳು ಸೊಸೆ.

"ಒಳ್ಳೇದೇ ಆಯ್ತು, ಅಸಿವಾಗಾಕಿಲ್ಲ!"

ವೈದ್ಯೆಯೂ ನಕ್ಕರು. ಸೊಸೆಯ ನಗೆಯನ್ನು ನಾನು ಬಹಳ ದಿನಗಳ ಮೇಲೆ ಕೇಳಿದ್ದೆ.

ಆ ರಂಜಾನಿನುದ್ದಕ್ಕೂ ಗೋಡೆಯಾಚೆಯಿಂದ ಅತ್ತೆಯ ಪಾತ್ರೆಗಳ ಸದ್ದಿಗೆ ನನಗೂ ಎಚ್ಚರವಾಗುತ್ತಿತ್ತು, ಬೇಸರವಾಗುತ್ತಿರಲಿಲ್ಲ. ಹಬ್ಬದ ದಿನ ಸೊಸೆ ಹೊಸ ಬಟ್ಟೆ ಉಟ್ಟು, ಶೀರ್ ಖುರ್ಮಾ ತಂದುಕೊಟ್ಟು, ನಮ್ಮ ಜಗುಲಿಯಲ್ಲಿ ನೆಮ್ಮದಿಯಾಗಿ ಕುಳಿತು ಹೋದಳು. ಒಂದು ರೋಜಾವನ್ನೂ ಬಿಡದೆ ಮುಗಿಸಿದಳೆಂದು ಅಂದಿನಿಂದ ಎಷ್ಟೋ ಜನರಿಗೆ ನಾನು ಹೇಳಿದ್ದೇನೆ. ನನ್ನ ನೆನಪಿನಲ್ಲಿ ಅದು ಹಾಗೆಯೇ ಇದೆ.

ವೇಳಾಪಟ್ಟಿಯಲ್ಲಿ ಮೂರನೆಯ ವಾರದ ಎರಡು ದಿನಗಳ ಮೇಲೆ ಪೆನ್ಸಿಲಿನ ಗೀಟು ಇದೆ. ಕೇಳಿದಾಗ ಅವಳು ನೂಲಿನ ಲಡಿ ಕೆಳಗಿಡದೆ ಹೇಳಿದಳು:

"ಆವತ್ತು ನಿದ್ದೆ ಬರ್ನಿಲ್ಲ ಸಾ. ಡಾಕ್ಟರಮ್ಮ ಏಳ್ದಂಗೆ ಬಿಟ್ಬುಟ್ಟೆ. ಚಳೀಲಿ ಇಟ್ಟು ತೀರ್ಸಿದೀನಿ."

ಒಂದನ್ನೂ ಬಿಡಲಿಲ್ಲವೆಂಬ ನನ್ನ ನೆನಪನ್ನು ಆ ಎರಡು ಗೀಟುಗಳು ಒಪ್ಪುವುದಿಲ್ಲ. ಗೀಟುಗಳೇ ಸರಿ.