ಗುಹೆಯೊಳಗೆ ಒಂದು ಹನಿ ತುಪ್ಪ

ಯಲ್ಲಾಪುರದ ಕಡೆಯ ಗುಹೆಗಳಿಗೆ ಜನರನ್ನು ಕರೆದೊಯ್ಯುವುದು ನನ್ನ ಕೆಲಸ. ಆ ಸಲ ಬಂದಾಕೆ ವೀಗನ್. ಹಾಲು, ಮೊಸರು, ತುಪ್ಪ, ಜೇನು ಯಾವುದೂ ಆಗದು ಎಂದು ಫೋನಿನಲ್ಲೇ ಹೇಳಿದ್ದಳು. "ನಮ್ಮ ಕಡೆ ಅದೇನು ಕಷ್ಟ? ತೆಂಗಿನಕಾಯಿ ಇದೆ, ಹಲಸಿನ ಹಪ್ಪಳ ಇದೆ" ಎಂದು ಎದೆ ತಟ್ಟಿದ್ದೆ. ಬುತ್ತಿ ಕಟ್ಟಿದ್ದು ಹೆಗಡೆಕಟ್ಟಾದ ಸಾವಿತ್ರಕ್ಕ. ನಮ್ಮ ತಂಡಗಳಿಗೆಲ್ಲ ಅಡುಗೆ ಅವಳದೇ. ತುಪ್ಪ ಹಾಕಬೇಡ ಎಂದು ಅವಳಿಗೆ ಹೇಳಿಯೂ ಇದ್ದೆ.

ಹೊಟ್ಟೆಯ ಮೇಲೆ ತೆವಳಿ ಗುಹೆಯ ಒಳಗಿನ ಅಗಲ ಜಾಗ ತಲುಪುವಷ್ಟರಲ್ಲಿ ಹಪ್ಪಳ ಪುಡಿಯಾಗಿತ್ತು. ಚಿಂತೆಯಿಲ್ಲ, ಬಾಳೆಲೆಯಲ್ಲಿ ಚಿತ್ರಾನ್ನ ಇತ್ತಲ್ಲ. ಎಲೆ ಬಿಚ್ಚಿದ ಆಕೆ ಮೂಸಿ ನೋಡಿ, "ಇದು ತುಪ್ಪ ಅಲ್ವಾ?" ಎಂದಳು.

"ಸಾಧ್ಯವೇ ಇಲ್ಲ" ಎಂದೆ. ಅಷ್ಟರಲ್ಲಿ ನನ್ನ ಮೂಗಿಗೂ ಬಂತು. ಗುಹೆಯಲ್ಲಿ ವಾಸನೆಗೆ ಓಡಿಹೋಗಲು ಜಾಗವಿರುವುದಿಲ್ಲ.

ತಪ್ಪಾಯಿತು ಎಂದೆ. ಆಕೆ ಜಗಳವಾಡಲಿಲ್ಲ. ಹಪ್ಪಳದ ಪುಡಿಯನ್ನು ಅಂಗೈಗೆ ಸುರಿದುಕೊಂಡು, ಒಂದು ಚೂರೂ ನೆಲಕ್ಕೆ ಬೀಳದಂತೆ ತಿಂದಳು. ಜಗಳವಾಡಿದ್ದರೇ ವಾಸಿಯಿತ್ತು.

ಸಂಜೆ ಸಾವಿತ್ರಕ್ಕನನ್ನು ಕೇಳಿದೆ.

"ಅಡುಗೆಗೆ ತುಪ್ಪ ಹಾಕಿದ್ನಿಲ್ಲೆ ಮಾರಾಯ. ಬುತ್ತಿ ಕಟ್ಟಕಾರೆ ಶುದ್ಧಕ್ಕೆ ಮೇಲಿಂದ ಒಂದು ಹನಿ ಬಿಟ್ಟಿದ್ದು, ಅಷ್ಟೇಯ."

ಅನ್ನದ ಮೇಲೆ ಆ ಹನಿ ಬೀಳದೆ ಅವಳ ಅಡುಗೆಮನೆಯಿಂದ ಒಂದು ಎಲೆಯೂ ಹೊರಗೆ ಹೋಗಿಲ್ಲವಂತೆ. ಕೈಮುಗಿದು ಬೇಡಿಕೊಂಡೆ. ಈಗ ವೀಗನ್ ಬುತ್ತಿಗೆ ಅವಳು ಬಿಡುವುದು ಒಂದು ಹನಿ ಕೊಬ್ಬರಿ ಎಣ್ಣೆ. ಹನಿ ಮಾತ್ರ ತಪ್ಪಿಲ್ಲ. ದೇವರು ಇದನ್ನು ಒಪ್ಪುತ್ತಾನಾ ಎಂದು ಕೆಣಕಿದೆ.

"ಗುಹೆಗೆ ಹೋಪವ್ಕೆ ಇಷ್ಟೇಯ, ಸುಧಾರ್ಸ್ಕ್ಯ ಹೇಳಿ ನಾನೇ ದೇವರಿಗೆ ಹೇಳಿದ್ದಿ."