ಬೆರಳಿನ ಕೆಳಗೆ ಇಬ್ಬರು

ಚಾಚಾ ಅವರ ನಾಲಿಗೆಯ ತುದಿಯಲ್ಲಿ ಒಂದು ಕಪ್ಪು ಚುಕ್ಕೆ ಇತ್ತು. ಹುಟ್ಟುಮಚ್ಚೆಯಲ್ಲ. ಫೋಟೋಗಳ ಮೇಲಿನ ಗೀರು, ಬಿಳಿ ಕಲೆಗಳನ್ನು ಬಣ್ಣ ಹಚ್ಚಿ ಮುಚ್ಚುವುದು ಅವರ ಕೆಲಸ. ಪ್ರತಿ ಸಲವೂ ಕುಂಚದ ಕೂದಲನ್ನು ನಾಲಿಗೆಗೆ ತಾಗಿಸಿ ಚೂಪು ಮಾಡಿಕೊಳ್ಳುತ್ತಿದ್ದರು. ಅರವತ್ತು ವರ್ಷ ಹಾಗೆ ಮಾಡಿದ್ದಕ್ಕೆ ಬಣ್ಣ ಅಲ್ಲೇ ನಿಂತುಬಿಟ್ಟಿತ್ತು. ನಕ್ಕಾಗ ಮಾತ್ರ ಅದು ಕಾಣುತ್ತಿತ್ತು. ಅವರು ನಗುತ್ತಿದ್ದದ್ದು ಕಡಿಮೆ, ಹಾಗಾಗಿ ಸಿರಾ ಪೇಟೆಯಲ್ಲಿ ಅದನ್ನು ಕಂಡವರು ಹೆಚ್ಚು ಜನ ಇರಲಾರರು.

ನಾನು ಮಧುಗಿರಿಯವಳು. ಕಂಪ್ಯೂಟರ್ ಕೋರ್ಸ್ ಮುಗಿಸಿ ಮನೆಯಲ್ಲಿ ಬೈಸಿಕೊಳ್ಳುತ್ತಾ ಕೂತಿದ್ದಾಗ ಅವರ ಸ್ಟುಡಿಯೋದಲ್ಲಿ ಕೆಲಸ ಸಿಕ್ಕಿತು. ದಿನಾ ಬಸ್ಸಿನಲ್ಲಿ ಸಿರಾಕ್ಕೆ ಹೋಗಿಬರುವುದು, ಹಳೇ ಫೋಟೋಗಳನ್ನು ಸ್ಕ್ಯಾನ್ ಮಾಡಿ ಸರಿಪಡಿಸುವುದು. ನಾನು ಹುಟ್ಟಾ ಪುಕ್ಕಲು. ಗುರುತಿಲ್ಲದ ನಂಬರಿನಿಂದ ಫೋನ್ ಬಂದರೂ ಎತ್ತುವವಳಲ್ಲ. ಚಾಚಾ ನನಗಿಂತ ದೊಡ್ಡ ಪುಕ್ಕಲು ಎಂದು ತಿಳಿಯಲು ಒಂದು ತಿಂಗಳು ಹಿಡಿಯಿತು.

ಗಿರಾಕಿ ಮೆಟ್ಟಿಲು ಹತ್ತುತ್ತಿದ್ದಂತೆ ಯಾವೂರು ಎಂದು ಕೇಳುತ್ತಿದ್ದರು. ಪಾವಗಡ, ಕೊರಟಗೆರೆ, ಪುರವರ ಅಂದರೆ ಮಳೆ ಬೆಳೆ ವಿಚಾರಿಸಿ ಕೂರಿಸುತ್ತಿದ್ದರು. ಬರಗೂರು ಅಂದರೆ ಮಾತ್ರ ಮುಖದ ಬಣ್ಣ ಇಳಿದುಹೋಗುತ್ತಿತ್ತು. ನನ್ನ ಕಡೆ ಕೈ ತೋರಿಸಿ, ಹಳೇ ಡಾರ್ಕ್‌ರೂಮಿಗೆ ಹೊಕ್ಕು ಚಿಲಕ ಹಾಕಿಕೊಳ್ಳುತ್ತಿದ್ದರು. ಗಿರಾಕಿ ಹೋದದ್ದನ್ನು ನಾನು ಬಾಗಿಲು ಬಡಿದು ಹೇಳಿದ ಮೇಲೇ ಹೊರಗೆ ಬರುವುದು. ಆ ಊರಿನವರ ಜೊತೆ ಯಾವುದೋ ಕಾಲದ ಜಗಳ ಇರಬೇಕು ಎಂದುಕೊಂಡು ಸುಮ್ಮನಿದ್ದೆ.

ತೀರಿಕೊಂಡವರನ್ನು ಗುಂಪು ಫೋಟೋದಿಂದ ಬಿಡಿಸಿ, ಒಬ್ಬರನ್ನೇ ದೊಡ್ಡದು ಮಾಡಿ ಕಟ್ಟು ಹಾಕಿಸಿ ಕೊಡುವುದು ನಮ್ಮಲ್ಲಿ ಹೆಚ್ಚಿಗೆ ಬರುತ್ತಿದ್ದ ಕೆಲಸ. ಅದರಲ್ಲಿ ಚಾಚಾದು ವಿಪರೀತ ಕಟ್ಟುನಿಟ್ಟು. ಯಾರಾದರೂ ಫೋಟೋದ ಮೇಲೆ ಬೆರಳಿಟ್ಟರೆ ತಡೆದು, ಒಂದು ತೊಗರಿಕಾಳು ಕೊಟ್ಟು, ಅದನ್ನು ಆ ಮನುಷ್ಯನ ಎದೆಯ ಮೇಲೆ ಇಡಲು ಹೇಳುತ್ತಿದ್ದರು. ಆಮೇಲೆ ತೂತಿರುವ ಕಪ್ಪು ಕಾಗದ ಮುಚ್ಚಿ, ಆ ಮುಖ ಒಂದನ್ನೇ ತೋರಿಸಿ ಮತ್ತೆ ಕೇಳುತ್ತಿದ್ದರು. ಅಷ್ಟಾದ ಮೇಲೆ ಮನೆಯ ಇನ್ನೊಬ್ಬರನ್ನು ಕರೆತರಬೇಕು. ಪಾವಗಡದವರೊಬ್ಬರು, ನಮ್ಮ ನಾಯನನ್ನು, ಹೆತ್ತ ಅಪ್ಪನನ್ನು ನಾನು ಗುರುತು ಹಿಡಿಯಲಾರೆನೇ ಎಂದು ರೇಗಿ ಫೋಟೋ ಕಿತ್ತುಕೊಂಡು ಹೊರಟೇ ಹೋದರು. ಗಿರಾಕಿ ಹೋದರೆ ಹೋಗಲಿ ಅಂದರು ಚಾಚಾ.

"ಮುಖ ತಪ್ಪಿದ್ರೆ ಬಣ್ಣ ಎಷ್ಟು ಚೆನ್ನಾಗಿದ್ರೂ ಅದು ಪಾಪ ಕಣಮ್ಮ" ಎಂದು ಅವತ್ತು ಹೇಳಿದ್ದು ನೆನಪಿದೆ.

ಸ್ಟುಡಿಯೋದ ಹಳೇ ಫೋಟೋಗಳನ್ನು ನಾನು ಆಗಾಗ ಫೇಸ್‌ಬುಕ್ಕಿಗೆ ಹಾಕುತ್ತಿದ್ದೆ. ಅದನ್ನು ನೋಡಿ ಪುಣೆಯಿಂದ ಒಬ್ಬರು ಬರೆದರು. ವಾಯುಪಡೆಯಿಂದ ನಿವೃತ್ತರಾದವರು. ಎರಡನೇ ಮಹಾಯುದ್ಧದ ಕಾಲದ ಬಾಂಬರ್ ವಿಮಾನಗಳ ಸಿಬ್ಬಂದಿಯ ಫೋಟೋಗಳನ್ನು ಒಟ್ಟುಹಾಕಿ, ಅದರಲ್ಲಿರುವ ಒಬ್ಬೊಬ್ಬರ ಹೆಸರನ್ನೂ ಹುಡುಕುವುದು ಅವರ ಹವ್ಯಾಸ. ಒಂದು ಫೋಟೋ ಕಳಿಸಿದ್ದರು. ವಿಮಾನದ ದೊಡ್ಡ ಫ್ಯಾನಿನ ಮುಂದೆ ಎರಡು ಸಾಲಿನಲ್ಲಿ ಹನ್ನೊಂದು ಜನ ಹುಡುಗರು. ಹತ್ತು ಜನರ ಹೆಸರು ಸಿಕ್ಕಿದೆ. ಹಿಂದಿನ ಸಾಲಿನಲ್ಲಿ ಎಡದಿಂದ ನಾಲ್ಕನೆಯವರು ಮೈಸೂರು ಸೀಮೆಯ ಸಿರಾ ಕಡೆಯವರು, ಬರ್ಮಾ ಕಡೆ ವಿಮಾನ ಬಿದ್ದು ತೀರಿಕೊಂಡರು ಎಂದಷ್ಟೇ ಗೊತ್ತು. ನಿಮ್ಮಲ್ಲಿ ಯಾರಾದರೂ ಗುರುತಿಸಬಲ್ಲರೇ ಎಂದು ಕೇಳಿದ್ದರು.

ನಾನು ದೊಡ್ಡ ಸಾಹಸ ಮಾಡಿದವಳಂತೆ ಅದನ್ನು ಪರದೆಯ ತುಂಬ ದೊಡ್ಡದು ಮಾಡಿ ಚಾಚಾರನ್ನು ಕರೆದೆ. ಅವರು ಕನ್ನಡಕ ಏರಿಸಿ ಬಗ್ಗಿ ನೋಡಿದರು. ನೋಡಿದವರು ಹಾಗೇ ಕುರ್ಚಿಯ ಬೆನ್ನು ಹಿಡಿದುಕೊಂಡರು. ಪರದೆ ಆರಿಸು ಅಂದರು. ಗೂಡಿನಲ್ಲಿದ್ದ ನೀರು ಕುಡಿದು, ಬಾಗಿಲು ಮುಂದೆ ಮಾಡಿ ಬಂದು ಕೂತು ಎಲ್ಲವನ್ನೂ ಹೇಳಿದರು.

ಅವರಿಗೆ ಆಗ ಇಪ್ಪತ್ತು ವರ್ಷ. ಸ್ಟುಡಿಯೋ ಬೇರೆಯವರದು, ಇವರು ಬಣ್ಣ ಹಚ್ಚುವ ಹುಡುಗ. ಬರಗೂರಿನಿಂದ ಒಬ್ಬ ವಿಧವೆ ಇದೇ ಫೋಟೋ ತಂದರು. ಆಕೆಯ ಗಂಡ ವಿಮಾನದ ಹಿಂದಿನ ಸೀಟಿನಲ್ಲಿ ಗನ್ ಹಿಡಿದು ಕೂರುವವರು, ಮದುವೆಯಾಗಿ ಒಂದು ತಿಂಗಳು ಮನೆಯಲ್ಲಿದ್ದು ಹೋದವರು ಮತ್ತೆ ಬರಲಿಲ್ಲ. ಮಗಳು ಹುಟ್ಟಿದ್ದು ಆಮೇಲೆ. ಈಗ ಆ ಮಗಳಿಗೆ ಮದುವೆ, ಧಾರೆಗೆ ಮುಂಚೆ ಅವಳು ಅಪ್ಪನ ಫೋಟೋಗೆ ಕೈ ಮುಗಿಯಬೇಕು. ಯಾರಮ್ಮ ಎಂದು ಇವರು ಕೇಳಿದರು. ಆಕೆ ತಲೆ ತಗ್ಗಿಸಿಕೊಂಡೇ ಬೆರಳಿಟ್ಟರು. ಹೊಲದಲ್ಲಿ ದುಡಿದ ಅಗಲವಾದ ಬೆರಳು. ಅದರ ಕೆಳಗೆ ಇಬ್ಬರ ಮುಖ ಮುಚ್ಚಿಹೋಯಿತು. ಅಳುತ್ತಿದ್ದ ಹೆಂಗಸನ್ನು ಮತ್ತೆ ಕೇಳಲು ಇವರಿಗೆ ಸಂಕೋಚ. ಇಬ್ಬರಲ್ಲಿ ಒಬ್ಬರನ್ನು ಆರಿಸಿಕೊಂಡು ಬಿಡಿಸಿದರು. ಟೋಪಿ ತೆಗೆದು ಕೂದಲು ಬರೆದರು, ಯೂನಿಫಾರ್ಮಿನ ಮೇಲೆ ಕರೀ ಕೋಟು ತೊಡಿಸಿದರು, ಶಿವನ ಒಕ್ಕಲಿನ ಮನೆಯವರೆಂದು ಹಣೆಗೆ ಮೂರು ಗೆರೆ ವಿಭೂತಿ ಎಳೆದರು.

"ಆಯಮ್ಮ ಬಂದು ಫೋಟೋನ ನೋಡೇ ನೋಡಿದ್ರು. ಆಮೇಲೆ ನನ್ನ ಮುಖ ನೋಡಿ, ಇವರೇನಾ ಅಂದ್ರು. ಅವರು ನನ್ನ ಕೇಳಿದ್ರು ಕಣಮ್ಮ, ನನ್ನ. ಯಜಮಾನ್ರು ಪಕ್ಕದಲ್ಲೇ ನಿಂತಿದ್ರು. ಬೈತಾರೆ ಅಂತ ಹೆದರಿ, ಹೌದಮ್ಮ ಇವರೇ ಅಂದ್ಬುಟ್ಟೆ."

ನಾನು ಮತ್ತೆ ಪರದೆ ಹಚ್ಚಿದೆ. ಹಿಂದಿನ ಸಾಲಿನ ಮೂರನೆಯವರು, ನಾಲ್ಕನೆಯವರು ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು. ವಿಮಾನ ನಡೆಸುವವರ ಎದೆಯ ಮೇಲೆ ಎರಡು ರೆಕ್ಕೆಯ ಬಿಲ್ಲೆ ಇರುತ್ತದೆ, ಗನ್ ಹಿಡಿಯುವವರಿಗೆ ಒಂದೇ ರೆಕ್ಕೆ ಎಂದು ಪುಣೆಯವರು ವಿವರಿಸಿದ್ದರು. ನಾಲ್ಕನೆಯವರ ಎದೆಯಲ್ಲಿ ಒಂದು ರೆಕ್ಕೆ. ಚಾಚಾ ಬಿಡಿಸಿದ್ದ ಮೂರನೆಯವರ ಎದೆಯಲ್ಲಿ ಎರಡು. ಕೋಟು ತೊಡಿಸುವಾಗ ಅದನ್ನು ತಮ್ಮ ಕೈಯಾರೆ ಮುಚ್ಚಿದ್ದರು. ಮೂರನೆಯವರ ಹೆಸರು ಪಟ್ಟಿಯಲ್ಲಿತ್ತು. ಪಂಜಾಬಿನವರು. ಯುದ್ಧ ಮುಗಿಸಿ ಮನೆಗೆ ಮರಳಿ, ಮೊಮ್ಮಕ್ಕಳನ್ನು ಕಂಡು, ಆರು ವರ್ಷದ ಹಿಂದೆ ತೀರಿಕೊಂಡವರು.

ಎರಡು ದಿನ ಚಾಚಾ ಅಂಗಡಿಗೆ ಬರಲಿಲ್ಲ. ಮೂರನೇ ದಿನ ಬಂದವರೇ ಬರಗೂರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು. ಆ ಮಗಳಿಗೀಗ ಎಂಬತ್ತು ವರ್ಷವಾಗಿರುತ್ತದೆ, ಅಪ್ಪ ಎಂದು ಆಕೆಗೆ ಇರುವುದು ಅದೊಂದೇ ಮುಖ, ಅದನ್ನೂ ಕಿತ್ತುಕೊಂಡರೆ ಏನಾದರೂ ಆದೀತು ಎಂದು ವಾದಿಸಿದೆ. ಪುಣೆಯವರಿಗೆ ಗೊತ್ತಿಲ್ಲ ಎಂದು ಬರೆದರೆ ಮುಗಿಯಿತಲ್ಲ ಅಂದೆ.

"ಇಷ್ಟು ದಿನ ಸುಳ್ಳ ನಾನೊಬ್ಬನೇ. ಈಗ ನೀನೂ ನೋಡಿದ್ದೀಯ. ನಾನು ಹೋದ ಮೇಲೆ ಇದು ನಿನ್ನ ಮೇಲೆ ಕೂತ್ಕಳ್ತದೆ. ಬ್ಯಾಡ ಕಣಮ್ಮ" ಅಂದರು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಆಕೆ ಬದುಕಿಲ್ಲದಿದ್ದರೆ ಸಾಕು ಎಂದು ಬೇಡಿಕೊಂಡೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಬೇಡಿಕೊಂಡದ್ದು ನಿಜ. ಪಕ್ಕದಲ್ಲಿ ಚಾಚಾ ತುಟಿ ಅಲ್ಲಾಡಿಸುತ್ತಾ ಕೂತಿದ್ದರು. ನನ್ನ ಬ್ಯಾಗಿನಲ್ಲಿ ಆ ಫೋಟೋದ ಪ್ರಿಂಟು ಇತ್ತು.

ಅಜ್ಜಿ ಬದುಕಿದ್ದರು. ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಚಾಚಾ ತಾವು ಯಾರೆಂದು ಹೇಳುತ್ತಿದ್ದಂತೆ ಎದ್ದು ನಿಂತು, "ನಮ್ಮಪ್ಪನ್ನ ಕೊಟ್ಟೋರು ನೀವೇಯಾ ಸಾಬಣ್ಣ?" ಎಂದು ಅವರ ಎರಡೂ ಕೈ ಹಿಡಿದುಕೊಂಡರು. ನಾನು ಓಡಿಹೋಗುವ ದಾರಿ ಹುಡುಕುತ್ತಿದ್ದೆ. ನಡುಮನೆಯ ಗೋಡೆಯ ಮೇಲೆ ಕರೀ ಕೋಟಿನವರು ಇದ್ದರು. ಗಾಜಿನ ಮೇಲೆ ಅವತ್ತಿನ ಬೆಳಗ್ಗೆ ಹಚ್ಚಿದ ವಿಭೂತಿ. ಅಜ್ಜಿಯ ತಾಯಿ ತೀರಿಕೊಂಡು ಬಹಳ ವರ್ಷವಾಗಿತ್ತು. ಅವರ ಫೋಟೋವನ್ನೂ ಇವರ ಪಕ್ಕದಲ್ಲೇ ಜೋಡಿಯಾಗಿ ತೂಗುಹಾಕಿದ್ದರು. ಅದನ್ನು ಕಂಡು ಚಾಚಾ ನೆಲದ ಮೇಲೆ ಕೂತರು.

ಅವರು ಒಂದನ್ನೂ ಮುಚ್ಚಿಡಲಿಲ್ಲ. ಬೆರಳು, ಸಂಕೋಚ, ಯಜಮಾನರ ಭಯ, ಎರಡು ರೆಕ್ಕೆ, ಪಂಜಾಬು, ಎಲ್ಲವನ್ನೂ ನೆಲ ನೋಡುತ್ತಲೇ ಹೇಳಿದರು. ಅಜ್ಜಿ ಅಳುತ್ತಾರೆ, ಬೈಯುತ್ತಾರೆ, ಎದೆ ಹಿಡಿದುಕೊಂಡು ಬೀಳುತ್ತಾರೆ ಎಂದು ನಾನು ಒಂದೊಂದಾಗಿ ಹೆದರುತ್ತಿದ್ದೆ. ಅವರು ಗೋಡೆಯ ಕಡೆ ತಿರುಗಿದರು. ಆಮೇಲೆ ಕೇಳಿದ್ದು ಒಂದೇ. ಇವರು ಆರು ವರ್ಷದ ಹಿಂದಿನವರೆಗೂ ಬದುಕಿದ್ದರೇ?

ಹೌದು ಅಂದರು ಚಾಚಾ.

"ಅಂಗಾರೆ ಬದುಕಿರೋರ್ಗೆ ನಾನು ಎಡೆ ಇಕ್ಕಿವ್ನಿ." ಅಜ್ಜಿಯ ದನಿ ಇಳಿಯಿತು. "ವರ್ಸಾವರ್ಸ ಪಕ್ಸದಾಗೆ, ಹೆಸರಿಡ್ದು ಕರ್ದು ಕರ್ದು ಇಕ್ಕಿವ್ನಿ. ಅಲ್ಲಿ ನಮ್ಮಪ್ಪ ಹಸ್ಕೊಂಡೇ ನಿಂತವ್ನಲ್ಲಾ ಸಾಬಣ್ಣ."

ನಾನು ಲೆಕ್ಕ ಹಾಕಿಕೊಂಡಿದ್ದ ಯಾವ ಭಯದಲ್ಲೂ ಇದು ಇರಲಿಲ್ಲ. ಚಾಚಾ ಎದ್ದು ಬಂದು ಆಕೆಯ ಎದುರಿಗೆ ಕೂತರು.

"ಅಕ್ಕಾ, ಮುಖ ತಪ್ಪಿ ಕೊಟ್ಟೋನು ನಾನು. ನೀವು ಅಪ್ಪಾ ಅಂತ ಕರೆದಿದ್ದು ನಿಮ್ಮ ಅಪ್ಪನ್ನೇ. ಅದು ಬ್ಯಾರೆಯವರಿಗೆ ಹೋಗಿರಾಕಿಲ್ಲ."

ಅಜ್ಜಿ ಅದನ್ನು ನಂಬಿದರೋ ಇಲ್ಲವೋ ತಿಳಿಯದು. ಪ್ರಿಂಟು ತೋರಿಸು ಎಂದು ನನಗೆ ಹೇಳಿ, ನಾನು ತೆಗೆಯುವಷ್ಟರಲ್ಲಿ ಕಣ್ಣು ಮುಚ್ಚಿಕೊಂಡರು. ಎಂಬತ್ತು ವರ್ಷದ ಹೆಂಗಸು, ಹೆದರಿಕೆ ಆಯ್ತದೆ ಕಣವ್ವ, ತಡಿ ಅಂದರು. ತಡೆದೆ. ಆಮೇಲೆ ಕಣ್ಣು ಬಿಟ್ಟು ನಾಲ್ಕನೆಯವರನ್ನು ನೋಡಿದರು. ಇಪ್ಪತ್ತೆರಡೋ ಇಪ್ಪತ್ಮೂರೋ ವರ್ಷದ ಹುಡುಗ, ಅಜ್ಜಿಯ ಮೊಮ್ಮಗನ ವಯಸ್ಸು. ಎಷ್ಟು ಚಿಕ್ಕೋನು ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಹೊಸ ಫೋಟೋವನ್ನು ಕಂಪ್ಯೂಟರಿನಲ್ಲೇ ಮುಗಿಸಿಬಿಡುತ್ತೇನೆ ಅಂದರೂ ಚಾಚಾ ಕೇಳಲಿಲ್ಲ. ನಾನು ಬಿಡಿಸಿ ಪ್ರಿಂಟು ಹಾಕಿಕೊಟ್ಟೆ, ಅವರು ಕುಂಚ ಹಿಡಿದರು. ಈ ಸಲ ಯೂನಿಫಾರ್ಮು ಹಾಗೇ ಉಳಿಯಿತು, ರೆಕ್ಕೆಯೂ ಉಳಿಯಿತು. ಮೂರು ಗೆರೆ ವಿಭೂತಿ ಎಳೆಯಲು ನಾಲ್ಕು ದಿನ ಹಿಡಿಯಿತು. ಮತ್ತೆ ಮತ್ತೆ ಕುಂಚ ಕೆಳಗಿಟ್ಟು, ಇವರೇ ತಾನೇ ಎಂದು ನನ್ನನ್ನು ಕೇಳುತ್ತಿದ್ದರು. ಪ್ರತಿ ಸಲವೂ ನಾನು ಮತ್ತೆ ಪಟ್ಟಿ ತೆಗೆದು ನೋಡಿಯೇ ಹೌದು ಎನ್ನುತ್ತಿದ್ದೆ.

ಪಿತೃಪಕ್ಷಕ್ಕೆ ಅಜ್ಜಿ ನಮ್ಮಿಬ್ಬರನ್ನೂ ಕರೆದರು. ಗೋಡೆಯ ಮೇಲೆ ಮೂರು ಫೋಟೋ ಇದ್ದವು. ಹೊಸದು ತಾಯಿಯ ಪಕ್ಕಕ್ಕೆ ಬಂದಿತ್ತು, ಪಂಜಾಬಿನವರು ಸ್ವಲ್ಪ ಆಚೆಗೆ ಸರಿದಿದ್ದರು. ಅವರ ಮುಂದೆಯೂ ಎಲೆ ಹಾಕಿತ್ತು. ಇಷ್ಟು ವರ್ಷ ಈ ಮನೆ ಅನ್ನ ಉಂಡವರು, ನಿಜವಾಗಿ ತೀರಿಕೊಂಡ ಮೇಲೆ ಬೇಡ ಅನ್ನಲಾಗುತ್ತದೆಯೇ ಎಂದು ಅಜ್ಜಿ ನನ್ನನ್ನೇ ಕೇಳಿದರು. ಅಪ್ಪನ ಎಲೆಗೆ ಇನ್ನೂ ಏನೂ ಬಡಿಸಿರಲಿಲ್ಲ. ಚಾಚಾ ಜಗುಲಿಯಲ್ಲೇ ಉಳಿದಿದ್ದರು. ಒಳಗೆ ಬರಲು ಅಂಜಿಕೆ.

ಅಜ್ಜಿ ಹೋಳಿಗೆಯ ತಟ್ಟೆ ಹಿಡಿದು ಬಾಗಿಲಿಗೆ ಬಂದರು. "ಒಳಿಕ್ಕೆ ಬನ್ನಿ ಸಾಬಣ್ಣ. ಉಪಾಸ ಕೆಡವಿದ್ದು ನೀವು. ಮೊದ್ಲನೇದು ನಿಮ್ಮ ಕೈಯಿಂದ್ಲೇ ಬೀಳ್ಲಿ."

ಚಾಚಾ ಬಚ್ಚಲಿಗೆ ಹೋಗಿ ಕೈಕಾಲು ತೊಳೆದು ಬಂದರು. ಎಲೆಯ ಮುಂದೆ ಮಂಡಿಯೂರಿ ಹೋಳಿಗೆ ಇಟ್ಟರು, ತುಪ್ಪ ಬಡಿಸಿದರು. ಅರ್ಧ ತುಪ್ಪ ನೆಲಕ್ಕೆ ಚೆಲ್ಲಿತು. ಅವರು ಫೋಟೋವನ್ನು ನೋಡಿ, ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳುವಂತೆ, "ಮಾಫ್ ಮಾಡಿ, ತಡ ಆಯ್ತು" ಅಂದರು.

ವಾಪಸು ಬರುವಾಗ ಬಸ್ಸಿನಲ್ಲಿ ನಿದ್ದೆ ಹೋದರು. ಬರಗೂರಿನಿಂದ ಸಿರಾದವರೆಗೂ ಗೊರಕೆ. ಆಮೇಲೆ ಎರಡು ತಿಂಗಳಷ್ಟೇ ಅವರು ಇದ್ದದ್ದು. ಒಂದು ದಿನ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಬಂದು ಮಲಗಿದವರು ಏಳಲಿಲ್ಲ.

ಖಚಿತವೇ ಎಂದು ಪುಣೆಯವರು ಕೇಳಿದ್ದರು. ಹೌದು ಎಂದು ಬರೆದು, ಕಳಿಸುವ ಮುಂಚೆ ಮತ್ತೊಮ್ಮೆ ಎದೆಯ ಮೇಲಿನ ರೆಕ್ಕೆ ನೋಡಿದೆ. ಈಗ ಆ ಫೋಟೋದ ಕೆಳಗೆ ಹನ್ನೊಂದು ಹೆಸರೂ ಇವೆ. ಗುರುತಿಸಿದವರು ಎಂಬಲ್ಲಿ ಚಾಚಾ ಅವರ ಹೆಸರು ಹಾಕಿಸಿದ್ದೇನೆ. ಸ್ಟುಡಿಯೋ ನಾನೇ ನೋಡಿಕೊಳ್ಳುತ್ತಿದ್ದೇನೆ. ಗಿರಾಕಿಗಳು ಗುಂಪು ಫೋಟೋ ಮುಂದಿಟ್ಟು ಇವರೇ ನಮ್ಮಪ್ಪ, ಇವರೇ ನಮ್ಮವ್ವ ಅಂದಾಗಲೆಲ್ಲ ಮುಖ ತಪ್ಪೀತೆಂದು ಹೆದರಿ ತೊಗರಿಕಾಳು ಕೊಡುತ್ತೇನೆ. ಇನ್ನಾದರೂ ಸ್ವಲ್ಪ ಧೈರ್ಯ ತಂದುಕೋ ಎಂದು ಮನೆಯಲ್ಲಿ ಹೇಳುತ್ತಾರೆ. ಬೇರೆ ಹೆದರಿಕೆಗಳನ್ನು ಬಿಡಲು ನಾನೂ ನೋಡುತ್ತಿದ್ದೇನೆ. ಇದೊಂದನ್ನು ಬಿಡಲಾರೆ. ಇದು ಚಾಚಾ ಅರವತ್ತು ವರ್ಷ ಒಬ್ಬರೇ ಹೊತ್ತು, ನನ್ನನ್ನು ಕಾಯಲೆಂದು ಬಿಟ್ಟುಹೋದದ್ದು.