ವಾದಕ್ಕಾಗಿ ಒಪ್ಪಿಕೊಂಡ ಮೊಳೆ

ಆ ಪ್ರತಿಮೆಯನ್ನು ನಾನು ಮೊದಲ ದಿನದಿಂದಲೇ ದ್ವೇಷಿಸಿದೆ. ಪ್ರತಿಮೆ ಎನ್ನುವುದೂ ತಪ್ಪು. ಅಮೃತಶಿಲೆಯ ಮೂಲಕೃತಿ ಯುರೋಪಿನಲ್ಲಿ ಎಂದೋ ಬೆಂಕಿಗೆ ಸಿಕ್ಕಿ ನಾಶವಾಗಿತ್ತು. ಕಡಲಾಚೆ ನಾನು ಬಂದು ನೆಲೆಸಿದ ಬಾಂಗ್ಸಾರಿನ ನಮ್ಮ ಮ್ಯೂಸಿಯಮ್ಮಿಗೆ ಬಂದದ್ದು ಶಿಲ್ಪಿ ಅದಕ್ಕೂ ಮುನ್ನ ಮಾಡಿಕೊಂಡಿದ್ದ ಆಳೆತ್ತರದ ಪ್ಲಾಸ್ಟರ್ ಮಾದರಿ, ಕೆಲವು ರೇಖಾಚಿತ್ರಗಳು, ಮತ್ತು ಕಳೆದುಹೋದದ್ದರ ಕುರಿತು ಗೋಡೆ ತುಂಬ ಶೋಕ. ರೋಮನ್ನರೇ ಸೌಂದರ್ಯದ ಕೊನೆಯ ಮಾತು ಎಂದು ನಂಬಿದ್ದ ಕಾಲದ ಶಿಲ್ಪಿ ಅವನು. ಬೂಟಿಲ್ಲದೆ ಹೊಸ್ತಿಲು ದಾಟಿರಲಾರದ ಯಾವನೋ ಗವರ್ನರನಿಗೆ ರೋಮನ್ ಹೊದಿಕೆ ಹೊದಿಸಿ, ಬರಿಗಾಲಲ್ಲಿ ನಿಲ್ಲಿಸಿ, ಭಾಷಣಕ್ಕೆಂದು ಬಲಗೈ ಚಾಚಿಸಿದ್ದ. ಮೈತುಂಬ ಸಣ್ಣ ಕಂಚಿನ ಮೊಳೆಗಳು: ಅಳತೆಯನ್ನು ಪ್ಲಾಸ್ಟರಿನಿಂದ ಕಲ್ಲಿಗೆ ಒಯ್ಯಲು ಕೆಲಸಗಾರರು ಹೊಡೆದ ಗುರುತುಗಳು. ಆ ಕೆಲಸಗಾರರ ಬಗ್ಗೆ ಗೋಡೆಯ ಮೇಲೆ ಒಂದು ಸಾಲೂ ಇರಲಿಲ್ಲ.

ನಾನು ಅಲ್ಲಿ ಶನಿವಾರಗಳಂದು ಸಂಬಳವಿಲ್ಲದ ಮಾರ್ಗದರ್ಶಿ. ಆ ಒಂದು ಸಾಲಿಗಾಗಿ ಮೂರು ಪತ್ರ ಬರೆದೆ. ನೆಲ ಒರೆಸುವ ಹೆಂಗಸಿಗೆ ಕೂರಲೊಂದು ಸ್ಟೂಲು ಬೇಕೆಂದು ಇನ್ನೆರಡು. ಸ್ಟೂಲು ಬಂತು, ಸಾಲು ಬರಲಿಲ್ಲ. ಪ್ರದರ್ಶನದ ಅಧಿಕಾರಿ ಬೆಂಗಳೂರಿನವರು. ನನ್ನ ಪತ್ರಗಳಿಂದ ರೋಸಿಹೋಗಿದ್ದರು. ಕಂಡಾಗಲೆಲ್ಲ, "ಏನ್ ಮೇಡಂ, ಇವತ್ತು ಪರನಾ, ವಿರೋಧನಾ?" ಎನ್ನುತ್ತಿದ್ದರು. ಮೈಸೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಪರ್ಯಾಯ ಫಲಕವನ್ನು ಗೆದ್ದವಳು ನಾನು ಎಂದು ಅವರಿಗೆ ಹೇಳಿಕೊಂಡದ್ದೇ ತಪ್ಪಾಗಿತ್ತು.

ಒಂದು ಶನಿವಾರ, ಗವರ್ನರನ ಮೊಣಕೈಯ ಅಡಿಯಲ್ಲಿ ಒಂದು ಮೊಳೆ ಇಲ್ಲವೆಂದು ಅಧಿಕಾರಿಗೆ ಗೊತ್ತಾಯಿತು. ನೆಲ ಒರೆಸುವಾಕೆಯನ್ನು ಅಲ್ಲಿಗೇ ಕರೆಸಿದರು. ಆಕೆ ಇದೇ ಊರಿನವಳು, ತಮಿಳು ಮನೆಮಾತು, ಐವತ್ತು ದಾಟಿದ ವಯಸ್ಸು. ಮನೆ ಹತ್ತು ನಿಮಿಷದ ನಡಿಗೆ. ಹಾಸಿಗೆ ಹಿಡಿದ ಗಂಡನಿಗೆ ಮಧ್ಯಾಹ್ನ ಹೋಗಿ ಉಣಿಸಿ ಬರಲು ಆಗುತ್ತಿದ್ದ ಕೆಲಸ ಇದೊಂದೇ. ಅಧಿಕಾರಿಯ ಕೈಯಲ್ಲಿದ್ದ ದೂರಿನ ಫಾರ್ಮು ಆಕೆಯನ್ನು ಕೆಲಸಕ್ಕಿಟ್ಟಿದ್ದ ಗುತ್ತಿಗೆದಾರನನ್ನು ತಲುಪಿದರೆ ಈ ಕೆಲಸ ಹೋದಂತೆಯೇ.

ಯಾರೂ ಕರೆಯದೆ ನಾನು ನಡುವೆ ನಿಂತೆ.

"ಆರೋಪ ಮಾಡಿದವರೇ ಸಾಬೀತು ಮಾಡಬೇಕು."

"ಇದು ಕೋರ್ಟ್ ಅಲ್ಲ ಲಾ, ಮೇಡಂ. ಮಾಪ್ ಕೋಲು ತಗುಲಿದೆ, ಮೊಳೆ ಬಿದ್ದಿದೆ. ಸಿಂಪಲ್," ಎಂದರು ಅಧಿಕಾರಿ, ಇಲ್ಲಿನವರಂತೆ ಮಾತಿಗೊಂದು 'ಲಾ' ಸೇರಿಸಿ.

"ನೋಡಿದವರು ಯಾರು?"

"ನೋಡೋಕೇನಿದೆ? ಅಷ್ಟು ಹತ್ರ ಹೋಗೋಳು ಅವಳೊಬ್ಬಳೇ."

ಹಳೆಯ ಹುರುಪು ನನ್ನೊಳಗೆ ಎದ್ದು ನಿಂತಿತು. ಎದುರಾಳಿಯ ಮಾತನ್ನು ಒಂದು ಕ್ಷಣ ಒಪ್ಪಿ, ಅದರ ಮೇಲೆಯೇ ಕಾಲೂರಿ ಅವನನ್ನು ಕೆಡಹುವುದು. ಫಲಕ ಗೆದ್ದದ್ದು ಆ ಪಟ್ಟಿನಿಂದಲೇ.

"ಸರಿ, ವಾದಕ್ಕಾಗಿ ಒಪ್ಪಿಕೊಳ್ಳೋಣ. ಇವರ ಕೋಲೇ ತಗುಲಿತು ಅಂತಿಟ್ಕೊಳ್ಳಿ," ಎಂದು ಆಕೆಯ ಮಾಪಿನತ್ತ ಬೆರಳು ತೋರಿದೆ. "ಆಗಲೂ ತಪ್ಪು ಯಾರದು? ಸುತ್ತ ಒಂದು ಹಗ್ಗ ಕೂಡ ಕಟ್ಟದೆ ಇಟ್ಟವರದು!"

ಇನ್ನೂ ಮೂರು ಅಂಶಗಳನ್ನು ಕ್ರಮವಾಗಿ ಮಂಡಿಸಿದೆ. ಅಧಿಕಾರಿ ಕೇಳುತ್ತಿರಲಿಲ್ಲ, ಬರೆಯುತ್ತಿದ್ದರು.

"ಥ್ಯಾಂಕ್ಸ್ ಮೇಡಂ. ಕೋಲು ತಗುಲಿದ್ದನ್ನ ಗೈಡೂ ಒಪ್ಪಿದಾರೆ ಅಂತ ಹಾಕಿದೀನಿ."

"ಅದು ವಾದಕ್ಕಾಗಿ ಹೇಳಿದ್ದು!"

"ಫಾರ್ಮಲ್ಲಿ ಅದಕ್ಕೆ ಕಾಲಂ ಇಲ್ಲ."

ಆಕೆಗೆ ನಮ್ಮ ಕನ್ನಡ ಪೂರ್ತಿ ತಿಳಿಯದು. ಬೆರಳು ತಿಳಿದಿತ್ತು.

ಸಂಜೆ ಎದುರಿನ ಮಾಮಕ್ ಅಂಗಡಿಯಲ್ಲಿ, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ಆಕೆ ಗಂಡನಿಗೆ ಮನೆಗೊಯ್ಯಲು ರೊಟ್ಟಿಯ ಪೊಟ್ಟಣ, ಇಲ್ಲಿನವರ ಮಾತಲ್ಲಿ ತಪಾವ್, ಕಟ್ಟಿಸಿಕೊಳ್ಳುತ್ತಿದ್ದಳು. ನನ್ನ ಅರೆಬರೆ ತಮಿಳಿನಲ್ಲಿ ಕ್ಷಮೆ ಕೇಳಹೋದೆ. ಆಕೆ ಪೊಟ್ಟಣದಿಂದ ಕಣ್ಣೆತ್ತಲಿಲ್ಲ.

"ಆ ಮೊಳೆ ಪೆಟ್ಟಿಗೆ ಬಿಚ್ಚಿದ ದಿನವೇ ಇರ್ಲಿಲ್ಲ, ಅಕ್ಕಾ. ನಾನು ಆ ಕೈ ಕೆಳಗೆ ಮಂಡಿಯೂರಿ ಉಜ್ಜೋಳು. ತಲೆ ಎತ್ತಿದ್ರೆ ತೂತೇ ಕಾಣೋದು."

"ಹಾಗಾದ್ರೆ ಹೇಳ್ಲಿಲ್ಲ ಯಾಕೆ?"

"ಬಾಯಿ ತೆಗೆದೆ. ನೀವು ಮಾತಾಡ್ತಿದ್ರಿ."

ನನಗೆ ಬಹಳ ಸಿಟ್ಟು ಬಂತು. ಅದು ಯಾರ ಮೇಲೆ ಎಂದು ಆಗ ಯೋಚಿಸಲಿಲ್ಲ.

ಸೋಮವಾರ ಹೋಗಿ ಪೆಟ್ಟಿಗೆ ಬಿಚ್ಚಿದ ದಿನದ ಫೋಟೋಗಳನ್ನು ಅಧಿಕಾರಿಯ ಕಂಪ್ಯೂಟರಿನಲ್ಲಿ ಹುಡುಕಿಸಿದೆ. ಮೊಣಕೈಯ ಅಡಿಯಲ್ಲಿ ತೂತು, ಸ್ಪಷ್ಟವಾಗಿ. ಶನಿವಾರವೂ ಅವು ಅದೇ ಕಂಪ್ಯೂಟರಿನಲ್ಲಿದ್ದವು; ಅಧಿಕಾರಿ ನೋಡಿರಲಿಲ್ಲ, ನಾನು ಕೇಳಿರಲಿಲ್ಲ. "ಫಾರ್ಮ್ ಹೋಗಾಯ್ತು ಮೇಡಂ. ಒಂದು ಇಮೇಲ್ ಹಾಕ್ತೀನಿ, ಬಿಡಿ," ಎಂದರು, ಪರದೆಯಿಂದ ಕಣ್ಣು ಕೀಳದೆ. ಅಷ್ಟರಲ್ಲಿ ಗುತ್ತಿಗೆದಾರ ಆಕೆಯನ್ನು ದೂರದ ಕ್ಲಾಂಗ್ ಬಂದರಿನ ಗೋದಾಮೊಂದಕ್ಕೆ ಕಳಿಸಿದ್ದ. ಬೆಳಿಗ್ಗೆ ಹೊರಟರೆ ಸಂಜೆಗೇ ಮನೆ. ಗಂಡನ ಮಧ್ಯಾಹ್ನದ ಊಟ ನೆರೆಯವರ ಪಾಲಾಯಿತು.

ಆಕೆಗೆ ಫೋನ್ ಮಾಡಿ, ಗುತ್ತಿಗೆದಾರನಿಗೆ ಕಳಿಸಲು ನಾಲ್ಕು ಪುಟದ ಪತ್ರ ಸಿದ್ಧವಾಗಿದೆಯೆಂದೆ.

"ಮೊದಲು ನನಗೆ ಓದಿ," ಎಂದಳು.

ತಮಿಳಿನಲ್ಲಿ ತಡವರಿಸುತ್ತ ಓದತೊಡಗಿದೆ. ಶ್ರಮದ ಘನತೆ ಎಂಬಲ್ಲಿಗೆ ಬರುತ್ತಿದ್ದಂತೆ ತಡೆದಳು.

"ಅದು ಬೇಡ. ಕಾಟು ಹಾಕಿ."

ಮುಂದಿನ ವಾಕ್ಯಕ್ಕೂ ಅದೇ, ಅದರ ಮುಂದಿನದಕ್ಕೂ. ಪ್ರತಿ ಸಲ ನಾನು ಆಕ್ಷೇಪಿಸಲು ಉಸಿರೆಳೆದುಕೊಂಡೆ. ಪ್ರತಿ ಸಲ ಆಕೆ ಸುಮ್ಮನೆ ಕಾದಳು. ನಾನು ಕಾಟು ಹಾಕಿದೆ. ಕೊನೆಗೆ ಉಳಿದದ್ದು ಆಕೆಯದೇ ಮಾತಿನಲ್ಲಿ ಎರಡು ಸಾಲು: ಮೊಳೆ ಬಂದ ದಿನವೇ ಇರಲಿಲ್ಲ, ಫೋಟೋ ಇದರೊಂದಿಗಿದೆ. ನನಗೆ ಮಧ್ಯಾಹ್ನ ಮನೆಗೆ ಹೋಗಿಬರುವ ಕೆಲಸ ಬೇಕು.

"ಕೆಳಗೆ ನನ್ನ ಸಹಿಯೂ ಇರಲಿ, ಸಾಕ್ಷಿಗೆ," ಎಂದೆ.

"ನೀವು ನೋಡಿದ್ರಾ?" ಎಂದಳು.